ಸತ್ತ ರಾಜನಿಗೆ ವನ್ಸ್ ಮೋರ್

ವನ್ಸ್ ಮೋರ್ ಎಂಬ ಕೂಗು ಕಿವಿಗೆ ಬಿದ್ದರೆ ಸಾಕು, ನನ್ನ ಅಂಗೈ ಬೆವರುತ್ತದೆ. ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿ ಯಾರೋ ತಮಾಷೆಗೆ ಕೂಗಿದರೂ ಅಷ್ಟೇ, ಊಟದ ಎಲೆ ಬಿಟ್ಟು ಎದ್ದು ಹೋಗೋಣ ಅನ್ನಿಸುತ್ತದೆ. ಮಂದಿ ನಗುತ್ತಾರೆ. ನಗಲಿ, ಅವರಿಗೇನು. ಅವರ ಅಪ್ಪಂದಿರು ಯಾರೂ ರಂಗದ ಮೇಲೆ ಸತ್ತು ಬಿದ್ದು, ಜನ ಕೂಗಿದರು ಅಂತ ಎದ್ದು ಮತ್ತೆ ಹಾಡಿದವರಲ್ಲ.

ನಮ್ಮಪ್ಪ ಹಾಗೆ ಎಷ್ಟು ಸಲ ಸತ್ತು ಎದ್ದಿದ್ದಾನೋ ಅವನಿಗೇ ಗೊತ್ತಿಲ್ಲ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕಿನಲ್ಲಿ ಅವನು ಸಾಯದೇ ಬಿಟ್ಟ ಊರು ಕಡಿಮೆ. ಬೆಳಗಾದರೆ ಹೊಲ, ಗೊಂಜಾಳ, ಭತ್ತ. ನಾಟಕ ಇದ್ದ ದಿನ ಮಾತ್ರ ರಾಜ. ನಾಟಕವೂ ಒಂದೇ. ನಮ್ಮ ಅಜ್ಜನ ಕಾಲದಿಂದ ಬಂದ ಸಂಗೀತ ನಾಟಕ ಅದು, ಮಾತಿಗಿಂತ ಹಾಡೇ ಹೆಚ್ಚು. ಕಥೆ ಇಷ್ಟೇ: ರಾಜನೊಬ್ಬ ಸಿಟ್ಟಿನಲ್ಲಿ ಮಗಳನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಮುಪ್ಪಿನಲ್ಲಿ ಬುದ್ಧಿ ಬಂದು ಅವಳನ್ನು ಹುಡುಕುತ್ತ ಊರೂರು ತಿರುಗುತ್ತಾನೆ. ಕೊನೆಗೆ ಸಿಗುತ್ತಾಳೆ, ಒಂದು ಗುಡಿಸಲ ಮುಂದೆ ಜೋಳ ಬೀಸುತ್ತ ಕೂತಿರುತ್ತಾಳೆ. ಗಡ್ಡ ಬಿಟ್ಟ ಮುದುಕ ತನ್ನ ಅಪ್ಪ ಅಂತ ಅವಳಿಗೆ ತಿಳಿಯುವುದಿಲ್ಲ. ನೀರು ಕೊಟ್ಟು, ಕೆಲಸವಿದೆ ಅಂತ ಏಳುತ್ತಾಳೆ. ಆಗ ರಾಜ, "ಇನ್ನೊಂದು ಗಳಿಗೆ ಕೂಡು ಮಗಳೆ, ಬಿಸಿಲು ಇಳಿಯಲಿ" ಅಂತ ಹಾಡುತ್ತಾನೆ. ಹಾಡು ಮುಗಿಯುತ್ತಲೇ ಸಾಯುತ್ತಾನೆ. ಆಮೇಲೆ ಅವಳು ಅವನ ಕೈಯ ಉಂಗುರ ನೋಡಿ ಗುರುತು ಹಿಡಿಯುತ್ತಾಳೆ.

ಕಥೆ ಗೊತ್ತಿಲ್ಲದವರು ಈ ಸೀಮೆಯಲ್ಲಿ ಯಾರೂ ಇಲ್ಲ. ಗೊತ್ತಿದ್ದೂ ಬರುತ್ತಾರೆ, ಅದೇ ನನಗೆ ಸೋಜಿಗ. ಯಾರಾದರೂ ಬಂದವರು ಬೇಗ ಏಳದಿದ್ದರೆ, "ಏನ್ರಿ, ಬಿಸಲು ಇಳಿಯೂ ತನಕ ಕುಂದ್ರವ್ರೇನು?" ಅಂತ ನಮ್ಮ ಮನೆಗಳಲ್ಲಿ ಈಗಲೂ ಚೇಷ್ಟೆ ಮಾಡುತ್ತಾರೆ. ಅಜ್ಜಿಯರು ಮೊಮ್ಮಕ್ಕಳನ್ನು ಮಲಗಿಸುವಾಗ ಅದೇ ಧಾಟಿಯಲ್ಲಿ ಗುನುಗುತ್ತಾರೆ. ಮುಂದೇನಾಗುತ್ತದೆ ಅಂತ ನೋಡುವುದಕ್ಕೆ ಯಾರೂ ಬರುವುದಿಲ್ಲ, ಆ ಹಾಡಿಗೆ ಬರುತ್ತಾರೆ. ಹಾಡು ಮುಗಿದು ರಾಜ ಬಿದ್ದ ಕೂಡಲೇ "ವನ್ಸ್ ಮೋರ್" ಅಂತ ಕೂಗುವುದಕ್ಕೆ ಬರುತ್ತಾರೆ. ಕೂಗಿದರೆ ಸತ್ತ ರಾಜ ಏಳಬೇಕು. ಧೋತರದ ಧೂಳು ಕೊಡವಿ, ಮೀಸೆ ಸರಿ ಮಾಡಿಕೊಂಡು, ಮಂದಿಗೆ ಕೈಮುಗಿದು, ಪೂರ್ತಿ ಹಾಡು ಹಾಡಿ, ಮತ್ತೆ ಸಾಯಬೇಕು. ಎರಡನೆಯ ಸಲ ಹಾಡುವಾಗ ಕೊನೆಯ ಸಾಲನ್ನು ಮೇಲಿನ ಸ್ವರಕ್ಕೆ ಏರಿಸಿ, ಉಸಿರು ಬಿಡದೆ ಹಿಡಿದು ನಿಲ್ಲಿಸಬೇಕು. ಇದು ಎಲ್ಲಿಯೂ ಬರೆದಿಟ್ಟದ್ದಲ್ಲ, ಆದರೆ ತಪ್ಪಿಸಿದವರನ್ನು ನಾನು ಕಂಡಿಲ್ಲ.

ನಾನು ಮೊದಲ ಸಲ ಅಪ್ಪ ಸತ್ತದ್ದನ್ನು ನೋಡಿದಾಗ ನನಗೆ ಐದು ವರ್ಷ. ನಮ್ಮೂರು ತಿಳವಳ್ಳಿ, ಅಲ್ಲಿನ ಶಾಲೆಯ ಬಯಲಿನಲ್ಲಿ ನಾಟಕ. ಅವ್ವನ ತೊಡೆಯ ಮೇಲೆ ಕೂತಿದ್ದೆ. ಅಪ್ಪ ದೊಪ್ಪನೆ ಬಿದ್ದ, ಕಣ್ಣು ಮುಚ್ಚಿದ. ನಾನು ಕಿಟಾರನೆ ಚೀರಿದೆ. ಅವ್ವ ನನ್ನ ಬಾಯಿ ಮುಚ್ಚಿ, "ಸುಮ್ಕಿರ, ನಿಮ್ಮಪ್ಪನ ಬಲಗೈ ನೋಡು, ಹೆಬ್ಬಟ್ಟು ಅಲುಗಾಡಾಕತ್ತೈತಿ. ಈಗ ಮಂದಿ ಕೂಗ್ತಾರ, ಅಂವ ಏಳ್ತಾನ" ಅಂದಳು. ನೋಡಿದೆ. ಹೌದು, ಸತ್ತು ಮಲಗಿದ ಅಪ್ಪನ ಹೆಬ್ಬೆರಳು ಉಳಿದ ಬೆರಳುಗಳ ಗೆರೆಯ ಮೇಲೆ ಒಂದೊಂದಾಗಿ ತಾಳ ಎಣಿಸುತ್ತಿತ್ತು. ಅಷ್ಟರಲ್ಲಿ ಬಯಲು ತುಂಬ ಕೂಗು ಎದ್ದಿತು, ನಾನೂ ಗಂಟಲು ಹರಿಯುವಂತೆ ಕೂಗಿದೆ. ಅಪ್ಪ ಎದ್ದ. ಅಂದಿನಿಂದ ನನ್ನ ತಲೆಯಲ್ಲಿ ಒಂದು ಮಾತು ಕೂತುಬಿಟ್ಟಿತು: ಅಪ್ಪ ಸತ್ತರೆ ಕೂಗಬೇಕು, ಕೂಗಿದರೆ ಏಳುತ್ತಾನೆ.

ಅವ್ವ ತೀರಿಕೊಂಡ ದಿನ ಅಂಗಳದಲ್ಲಿ ಮಂದಿ ನೆರೆದಿತ್ತು. ನಾನು ದೊಡ್ಡವಳಾಗಿದ್ದೆ, ಶಾಲೆಯಲ್ಲಿ ಟೀಚರಾಗಿದ್ದೆ. ಆದರೂ ಆ ಹುಚ್ಚು ಮಾತು ನೆನಪಾಗಿ, ಇಷ್ಟು ಮಂದಿ ಸೇರಿದ್ದಾರೆ, ಒಬ್ಬರಾದರೂ ಕೂಗಬಾರದೇ ಅನ್ನಿಸಿತ್ತು. ಯಾರ ಮುಂದೆಯೂ ಇದನ್ನು ಹೇಳಿರಲಿಲ್ಲ.

ಮನೆಮನೆಗೆ ಟಿ.ವಿ. ಬಂದ ಮೇಲೆ ನಾಟಕ ನಿಂತುಹೋಗಿತ್ತು. ರಾಜನ ಕಿರೀಟ ನಮ್ಮ ಅಟ್ಟದ ಮೇಲೆ ಗೋಣಿಚೀಲದಲ್ಲಿ ಬಿದ್ದಿತ್ತು. ಎರಡು ವರ್ಷದ ಹಿಂದೆ ಅಪ್ಪನಿಗೆ ಎದೆನೋವು ಬಂದು, ಹುಬ್ಬಳ್ಳಿಗೆ ಒಯ್ದು ಸ್ಟೆಂಟ್ ಹಾಕಿಸಿಕೊಂಡು ಬಂದೆವು. ಮಾತ್ರೆಗಳ ಡಬ್ಬಿ ನನ್ನ ಕೈಗೆ ಬಂತು, ಹೆದರಿಕೆಯೂ ಬಂತು. ಅವನು ಸ್ವಲ್ಪ ಹೊತ್ತು ಕೆಮ್ಮದಿದ್ದರೆ ಹೋಗಿ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದೆ. "ಅದೀನಿ ಅದೀನಿ, ಹೋಗು" ಅಂತ ಕಣ್ಣು ಮುಚ್ಚಿಕೊಂಡೇ ಬೈಯುತ್ತಿದ್ದ.

ಹೀಗಿರುವಾಗ ಯಾವುದೋ ಹಳೆಯ ಕ್ಯಾಸೆಟ್ಟಿನಿಂದ ತೆಗೆದ ಅಪ್ಪನ ಹಾಡು ವಾಟ್ಸಾಪಿನಲ್ಲಿ ಓಡಾಡತೊಡಗಿತು. ಬಸ್ಸಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ನಮ್ಮ ಶಾಲೆಯ ಅಡುಗೆ ಕೋಣೆಯಲ್ಲಿ, ಎಲ್ಲಿ ಹೋದರೂ ಅಪ್ಪನ ಹರೆಯದ ದನಿ. ಅದನ್ನು ಕೇಳಿ ಹಾನಗಲ್ಲಿನ ಡ್ರಾಯಿಂಗ್ ಮಾಸ್ತರರು ಮನೆಗೆ ಬಂದರು. ನಿವೃತ್ತರು, ಹಿಂದೆ ಇದೇ ನಾಟಕದ ಪರದೆಗಳ ಮೇಲೆ ಚಿತ್ರ ಬರೆದವರು.

"ಮತ್ತ ಆಡೂಣ್ರಿ. ಮುಂಜಾನೆತನಾ ಆಡೂ ಕಾಲ ಹೋತು. ಮೂರ್ ತಾಸಿಗೆ ಇಳಸ್ತೇನಿ, ಸಂಜಿ ಐದಕ್ಕ ಚಾಲೂ, ಎಂಟಕ್ಕ ಎಲ್ಲಾರೂ ಮನಿಗೆ" ಅಂದರು.

ನಾನು ಚಹಾ ಹಿಡಿದು ಬಂದವಳು ಅಲ್ಲೇ ನಿಂತೆ. "ಮಾಸ್ತರ್ರಿ, ಅವ್ರ ಎದಿಯೊಳಗ ಏನೈತಿ ಅಂತ ಗೊತ್ತೈತೇನ್ರಿ ನಿಮಗ?" ಅಂದೆ.

"ಹಾಡೈತಿ" ಅಂದ ಅಪ್ಪ. ಮಾಸ್ತರರು ನಕ್ಕರು. ನನಗೆ ಚಹಾದ ಕಪ್ಪು-ಬಸಿ ಇಬ್ಬರ ಮೇಲೂ ಎತ್ತಿ ಒಗೆಯುವಷ್ಟು ಸಿಟ್ಟು ಬಂತು.

ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ, ಅವರಾದರೂ ಬೇಡ ಅಂತಾರೆ ಅಂತ. ಅವರು ಅಪ್ಪನ ಎದೆ, ರಟ್ಟೆ ಎಲ್ಲ ನೋಡಿ, "ಹಾಡ್ರಿ ಅಜ್ಜಾರ, ಮನಸಿಗೂ ಚೊಲೋ. ಆದ್ರ ಒಂದ ಸಲ. ದಮ್ಮು ಕಟ್ಟಿ ಮ್ಯಾಲೇರಸೂದು ಬ್ಯಾಡ. ಹಂಗ ಮಾಡಿದ್ರ ನಾ ಜವಾಬ್ದಾರ ಅಲ್ಲ" ಅಂದರು. ಹೊರಗೆ ಬಂದ ಮೇಲೆ ಅಪ್ಪ, "ಡಾಕ್ಟರ ಹಾಡ್ರಿ ಅಂದ್ರು, ಕೇಳಿದಿಲ್ಲೋ?" ಅಂದ. ಉಳಿದ ಮಾತು ಅವನ ಕಿವಿಗೆ ಹೋಗಿರಲೇ ಇಲ್ಲ. ಅಡ್ಡ ಬಂದು ಪ್ರಯೋಜನವಿಲ್ಲ ಅಂತ ಗೊತ್ತಾಗಿ, ಪೇಟಿ ನಾನೇ ಬಾರಿಸುತ್ತೇನೆ ಅಂದೆ. ಪೇಟಿ ಅಂದರೆ ಹಾರ್ಮೋನಿಯಂ, ಅಪ್ಪನೇ ನನಗೆ ಕಲಿಸಿದ್ದು. ಅದು ರಂಗದ ಬಲ ಮೂಲೆಯಲ್ಲಿರುತ್ತದೆ. ಅಲ್ಲಿ ಕೂತರೆ ಸತ್ತ ರಾಜನ ಬಲಗೈ ಕಾಣುತ್ತದೆ.

ತಾಲೀಮು ನಮ್ಮೂರಿನ ಗೊಂಜಾಳದ ಗೋದಾಮಿನಲ್ಲಿ, ರವಿವಾರ ಮಧ್ಯಾಹ್ನ. ಚೀಲಗಳ ಮೇಲೆ ಕೂತು ಹಾಡುವುದು. ಅಪ್ಪನ ಶ್ರುತಿ ಮೊದಲಿನಿಂದಲೂ ಕರಿ ಎರಡು, ಅಂದರೆ ಪೇಟಿಯ ಎರಡನೆಯ ಕಪ್ಪು ಮನೆ. ಒಂದು ದಿನ ಕಳ್ಳತನದಿಂದ ಮೂರು ಮನೆ ಇಳಿಸಿ ಬಿಳಿ ಒಂದರಲ್ಲಿ ಶುರುಮಾಡಿದೆ, ಎದೆಗೆ ಹಗುರವಾಗಲಿ ಅಂತ. ಅಪ್ಪ ಬಾಯಿ ತೆರೆದವನು ಹಾಗೇ ಮುಚ್ಚಿದ.

"ಪ್ಯಾಟಿ ಕೆಟ್ಟೇತೋ, ಬಾರಸಾಕಿ ಕೆಟ್ಟಾಳೋ?"

"ಅಪ್ಪಾ, ಇದರೊಳಗ ಹಾಡಿ ನೋಡಲ್ಲ. ಯಾರಿಗೂ ಗೊತ್ತಾಗೂದಿಲ್ಲ."

"ನನಗ ಗೊತ್ತಾಕ್ಕೈತೆಲ್ಲ, ಖೋಡಿ!"

ಮಗಳ ಪಾರ್ಟು ಮಾಡುವ ಅಂಗನವಾಡಿ ಶಿಕ್ಷಕಿ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನು ಕರಿ ಎರಡಕ್ಕೆ ಏರಿಸಿದೆ. ಅವನು ಹಾಡಿದ. ದನಿ ಹಳೆಯದಾಗಿತ್ತು, ನಡುವೆ ನಡುವೆ ಗೊರಗೊರ ಅನ್ನುತ್ತಿತ್ತು, ಆದರೆ ಮಗಳೆ ಅನ್ನುವ ಶಬ್ದಕ್ಕೆ ಬಂದಾಗ ಗೋದಾಮಿನ ಹಮಾಲರು ಚೀಲ ಇಳಿಸಿ ನಿಂತರು. ಕ್ಯಾಸೆಟ್ಟಿನ ದನಿಗಿಂತ ಇದೇ ಚಲೋ ಇತ್ತು. ಇಷ್ಟು ಚಲೋ ಹಾಡಿದರೆ ಮಂದಿ ಬಿಡುತ್ತಾರೆಯೇ?

ಬಿಡಲಿಲ್ಲ. ಮೊದಲ ಆಟ ಹಾನಗಲ್ಲಿನಲ್ಲಿ. ನಾಲ್ಕು ಗಂಟೆಗೇ ಮಂದಿ ಬಂದು ಕೂತಿತ್ತು, ಭತ್ತದ ವ್ಯಾಪಾರಕ್ಕೆ ಬಂದವರು ಕೊನೆಯ ಬಸ್ಸು ಬಿಟ್ಟರೂ ಚಿಂತೆಯಿಲ್ಲ ಅಂತ ನಿಂತಿದ್ದರು. ಅಪ್ಪ ಹಾಡಿ ಬಿದ್ದ. ನಾನು ಮನಸ್ಸಿನಲ್ಲಿ ಶಿವಶಿವಾ ಕೂಗಬೇಡಿ, ಕೂಗಬೇಡಿ ಅನ್ನುತ್ತಿದ್ದೆ. ಮುಂದಿನ ಸಾಲಿನಿಂದ ಒಂದು ಗಡಸು ದನಿ "ವನ್ಸ್ ಮೋರ್!" ಅಂತ ಎದ್ದಿತು. ಅದರ ಹಿಂದೆ ಇಡೀ ಮಂದಿ. ಅಪ್ಪ ಎದ್ದು ಕೈಮುಗಿದು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಹಾಡಿದ, ಕೊನೆಯ ಸಾಲು ಏರಿಸಿದ, ಹಿಡಿದ. ನಾನು ಎಡಗೈಯಿಂದ ಪೇಟಿಯ ಬಾತಿ, ಅಂದರೆ ಗಾಳಿ ಊದುವ ತಿದಿ, ಬಿಡದೆ ಒತ್ತುತ್ತಿದ್ದೆ. ಅವನು ಎಷ್ಟು ಹೊತ್ತು ಹಿಡಿದನೋ, ನಾನೂ ಅಷ್ಟು ಹೊತ್ತು ಉಸಿರು ಹಿಡಿದಿದ್ದೆ.

ಆಟ ಮುಗಿದ ಮೇಲೆ ಪರದೆಯ ಹಿಂದೆ ಟ್ರಂಕಿನ ಮೇಲೆ ಕೂತಿದ್ದ. ಬಣ್ಣ ಹಚ್ಚಿದ ಮುಖದಲ್ಲಿ ಏನೂ ಗೊತ್ತಾಗುವುದಿಲ್ಲ. ಕೆನ್ನೆ ಕೆಂಪಗಿದೆ, ತುಟಿ ಕೆಂಪಗಿದೆ, ರಾಜ ಸೊಗಸಾಗಿದ್ದಾನೆ. ಕೈ ಹಿಡಿದು ನೋಡಿದೆ. ಉಗುರು ನೀಲಿ ತಿರುಗಿದ್ದವು. ಕುಪ್ಪಸದೊಳಗೆ ಚೀಟಿಯಲ್ಲಿ ಕಟ್ಟಿಟ್ಟುಕೊಂಡಿದ್ದ ಗುಳಿಗೆ ತೆಗೆದು ಅವನ ನಾಲಿಗೆಯ ಕೆಳಗಿಟ್ಟೆ. ಹೊರಗೆ ಮಂದಿ ಅವನನ್ನು ನೋಡಬೇಕು ಅಂತ ಗದ್ದಲ ಮಾಡುತ್ತಿತ್ತು. ಉಗುರಿಗೆ ಬಣ್ಣ ಮರಳುವ ತನಕ ನಾನು ಆ ಕೈ ಬಿಡಲಿಲ್ಲ. "ಯಾರ ಮುಂದೂ ಹೇಳಬ್ಯಾಡ" ಅಂದ. ಹೇಳಲಿಲ್ಲ, ಆದರೆ ಆ ರಾತ್ರಿಯಿಂದ ನನ್ನ ನಿದ್ದೆ ಹೋಯಿತು.

ಎರಡನೆಯ ಆಟ ಶಿಗ್ಗಾವಿಯಲ್ಲಿ. ಈ ಸಲ ನಾನೊಂದು ಉಪಾಯ ಮಾಡಿದೆ. ಪರದೆ ಎಳೆಯುವವರಿಗೆ, "ರಾಜ ಬಿದ್ದ ಕೂಡ್ಲೆ ಪರದೆ ಬಿಡ್ರಿ, ಲೈಟ್ ಆರಸ್ರಿ, ಮಾಸ್ತರ್ರು ಹೇಳ್ಯಾರ" ಅಂತ ಸುಳ್ಳು ಹೇಳಿದೆ. ಅವರು ಹಾಗೇ ಮಾಡಿದರು. ಮಂದಿ ಸುಮ್ಮನಾಗಲಿಲ್ಲ. ಕುರ್ಚಿ ಬಡಿದರು, ಶಿಳ್ಳೆ ಹಾಕಿದರು, ವನ್ಸ್ ಮೋರ್ ಅಂತ ಒಂದೇ ಸಮನೆ ಕೂಗಿದರು. ಕತ್ತಲಲ್ಲಿ ಅಪ್ಪ ಎದ್ದು ಬರುವುದು ನನಗೆ ಕಾಣಿಸಲಿಲ್ಲ. ಪರದೆಯನ್ನು ತಾನೇ ಎತ್ತಿಕೊಂಡು, ಬಗ್ಗಿ, ಮುಂದೆ ಹೋಗಿ ನಿಂತಿದ್ದ. ಪೇಟಿಗೂ ಕಾಯಲಿಲ್ಲ. ಬರಿಗಂಟಲಿನಲ್ಲಿ ಶುರುಮಾಡಿದ. ಪೇಟಿ ಬಿಟ್ಟು ಎದ್ದಿದ್ದ ನಾನು ಎಡವಿಕೊಂಡು ಓಡಿ ಬಂದು ಸ್ವರ ಸೇರಿಸಬೇಕಾಯಿತು.

ಆಮೇಲೆ ನಾಲ್ಕು ದಿನ ನನ್ನ ಜೊತೆ ಮಾತಿಲ್ಲ. ಐದನೆಯ ದಿನ ರೊಟ್ಟಿ ಬಡಿಸುವಾಗ ತಾಟಿನ ಕಡೆ ನೋಡಿಕೊಂಡೇ, "ಮಂದಿ ಕರಿಯಾಕತ್ತಾಗ ಹೆಣದಂಗ ಬಿದ್ದಿರು ಅಂತೀಯಲ್ಲ, ನಿನ್ನ ಎದಿ ಎಂಥದ್ದವಾ" ಅಂದ. ನಾನೂ ಬಿಡಲಿಲ್ಲ, "ನನ್ನ ಎದಿ ನೆಟ್ಟಗೈತಿ, ನಿಂದ ನೋಡ್ಕೋ" ಅಂದುಬಿಟ್ಟೆ. ಅಂದು ರೊಟ್ಟಿ ಇಬ್ಬರಿಗೂ ಇಳಿಯಲಿಲ್ಲ.

ಮೂರನೆಯ ಆಟ ಸವಣೂರಿನಲ್ಲಿ. ಆಗ ನನಗೆ ಹೊಳೆಯಿತು: ಅಪ್ಪನನ್ನು ತಡೆಯಲು ಆಗುವುದಿಲ್ಲ, ಮಂದಿಯನ್ನು ತಡೆಯಬಹುದು. ಮೈಕಿನಲ್ಲಿ ಹೇಳುವಂತಿಲ್ಲ, ಅವನು ಕೇಳಿಸಿಕೊಳ್ಳುತ್ತಾನೆ. ಆದರೆ ಎಲ್ಲ ಊರಿನಲ್ಲೂ ಮೊದಲು ಕೂಗುವ ಆ ಗಡಸು ದನಿ ಯಾರದು ಅಂತ ನನಗೆ ಗೊತ್ತಿತ್ತು. ಸವಣೂರಿನಲ್ಲಿ ವೀಳ್ಯದೆಲೆ ಮಾರುವ ಚಾಚಾ. ನಾನು ಹುಟ್ಟುವ ಮೊದಲಿನಿಂದ ಅಪ್ಪನ ಒಂದು ಆಟವನ್ನೂ ಬಿಟ್ಟವರಲ್ಲ. ಅವರು ಕೂಗದಿದ್ದರೆ ಸವಣೂರಿನಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ.

ಆಟಕ್ಕೆ ನಾಲ್ಕು ದಿನ ಇರುವಾಗ ಶಾಲೆಗೆ ರಜೆ ಹಾಕಿ ಹೋದೆ. ಚಾಚಾ ಒದ್ದೆ ಬಟ್ಟೆ ಹೊದಿಸಿದ ಎಲೆಗಳನ್ನು ಒಂದೊಂದಾಗಿ ತೆಗೆದು ಕಟ್ಟು ಕಟ್ಟುತ್ತಿದ್ದರು. ನನ್ನನ್ನು ಕಂಡು, "ಆವೋ ಬೇಟಿ, ಕುಂದ್ರು. ರಾಜಾಸಾಹೇಬ್ರು ಹೆಂಗದಾರ?" ಅಂದರು.

"ಅದಕ್ಕ ಬಂದೇನ್ರಿ ಚಾಚಾ. ಈ ಸಲ ನೀವು ಕೂಗಬ್ಯಾಡ್ರಿ."

ಅವರ ಕೈ ನಿಂತಿತು. ನಾನು ಎಲ್ಲ ಹೇಳಿದೆ. ಸ್ಟೆಂಟ್, ಡಾಕ್ಟರ, ಹಾನಗಲ್ಲಿನ ನೀಲಿ ಉಗುರು. ಹೇಳುತ್ತ ಹೇಳುತ್ತ ಅಂಗಡಿಯ ಮುಂದೆಯೇ ಅತ್ತುಬಿಟ್ಟೆ, ನಾಚಿಕೆ ಬಿಟ್ಟು.

"ಯಾ ಅಲ್ಲಾ. ನಾನ ಅವ್ರ ಜೀವಾ ತಗೀತಿದ್ನೇನು" ಅಂದರು ಚಾಚಾ. ಆಮೇಲೆ ಒಂದು ಎಲೆಯನ್ನು ತೊಡೆಯ ಮೇಲೆ ಸವರುತ್ತ, "ಆದ್ರ ಬೇಟಿ, ನಾವು ಕೂಗ್ಲಿಲ್ಲಂದ್ರ ಅವ್ರು ಏನಂತ ತಿಳ್ಕೊಬೇಕು? ಹಾಡು ಕೆಟ್ಟಿತು ಅಂತ ತಿಳ್ಕೊಳ್ಳೂದಿಲ್ಲೇನು?"

"ತಿಳ್ಕೊಳ್ಳಲಿ ಬಿಡ್ರಿ. ಜೀವಂತ ಇದ್ದು ತಿಳ್ಕೊಳ್ಳಲಿ."

ಹೇಳುವಾಗ ಎಷ್ಟು ನೆಟ್ಟಗಿನ ಮಾತು ಅನ್ನಿಸಿತ್ತು. ಚಾಚಾ ತಲೆಯಾಡಿಸಿದರು. ಎಲ್ಲರಿಗೂ ತಾವೇ ಹೇಳುತ್ತೇನೆ ಅಂದರು. ಬಸ್‌ಸ್ಟ್ಯಾಂಡಿನ ತನಕ ಬಂದು, ಚಹಾದ ಜೊತೆ ತಿನ್ನುವ ಸವಣೂರು ಖಾರದ ಪೊಟ್ಟಣ ಒಂದನ್ನು ನನ್ನ ಚೀಲಕ್ಕೆ ತುರುಕಿ, "ಕಸಂ, ಯಾರೂ ಬಾಯಿ ಬಿಡೂದಿಲ್ಲ" ಅಂದರು. ಎಷ್ಟೋ ದಿನಗಳ ಮೇಲೆ ಅಂದು ಬಸ್ಸಿನಲ್ಲಿ ನಿದ್ದೆ ಮಾಡಿದೆ.

ಆಟದ ದಿನ ಕಲ್ಯಾಣ ಮಂಟಪ ಕಿಕ್ಕಿರಿದಿತ್ತು. ಹಾನಗಲ್ಲಿನಲ್ಲಿ ನೋಡಿದವರೂ ಮತ್ತೆ ಬಂದಿದ್ದರು, ಚಾಚಾ ಅವರಿಗೂ ಬಾಗಿಲಲ್ಲೇ ಹೇಳಿಟ್ಟಿದ್ದರು. ಚಾಚಾ ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತು ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಅಪ್ಪ ಅಂದು ಹಾಡಿದ್ದು ನಾನು ಕೇಳಿದ್ದರಲ್ಲೆಲ್ಲ ಚಲೋ. ನನಗೆ ಪೇಟಿ ಬಾರಿಸುತ್ತಿದ್ದೇನೆ ಅನ್ನುವುದೇ ಮರೆತಿತ್ತು. ಇನ್ನೊಂದು ಗಳಿಗೆ ಕೂಡು ಅಂತ ಅವನು ಕೇಳುವುದು ಪಾರ್ಟಿನ ಮಗಳನ್ನೋ ನನ್ನನ್ನೋ ತಿಳಿಯಲಿಲ್ಲ. ಹಾಡು ಮುಗಿಯಿತು, ತಬಲಾ ನಿಂತಿತು, ರಾಜ ಬಿದ್ದ.

ಯಾರೂ ಕೂಗಲಿಲ್ಲ.

ಅಂಥ ಮೌನ ನಾನು ಕೇಳಿಲ್ಲ. ಮೇಲೆ ಫ್ಯಾನುಗಳು ಗಿರಗಿರ ಅನ್ನುವುದು ಕೇಳುತ್ತಿತ್ತು. ಚಾಚಾ ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದಿದ್ದರು, ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಮಂದಿಯೆಲ್ಲ ಕೊಟ್ಟ ಮಾತಿನಂತೆ ಕಲ್ಲಾಗಿ ಕೂತಿತ್ತು. ಮಗಳ ಪಾರ್ಟಿನಾಕೆಗೆ ದಿಕ್ಕು ತೋಚಲಿಲ್ಲ. ಕೂಗು ಬಾರದೆ ಉಂಗುರದ ಮಾತು ಅವಳು ಒಮ್ಮೆಯೂ ಆಡಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಅಪ್ಪನ ಬಲಗೈ ನೋಡುತ್ತಿದ್ದೆ.

ಹೆಬ್ಬೆರಳು ಎಣಿಸುತ್ತಿತ್ತು. ಕಿರುಬೆರಳಿನಿಂದ ತೋರುಬೆರಳಿಗೆ, ಮತ್ತೆ ಕಿರುಬೆರಳಿಗೆ. ಗೆದ್ದೆ ಅಂದುಕೊಂಡೆ. ಇನ್ನು ಸ್ವಲ್ಪ ಹೊತ್ತು, ಪರದೆ ಬೀಳುತ್ತದೆ, ಮನೆಗೆ ಕರೆದುಕೊಂಡು ಹೋಗುತ್ತೇನೆ. ಎಣಿಕೆ ನಿಧಾನವಾಯಿತು. ನಡುಬೆರಳಿನ ಗೆರೆಗೆ ಬಂದು ತಡೆಯಿತು. ಮತ್ತೆ ಒಂದು ಗೆರೆ. ಆಮೇಲೆ ನಿಂತೇಬಿಟ್ಟಿತು. ಕೈ ಸಡಿಲವಾಗಿ ಅಂಗಾತ ತೆರೆದುಕೊಂಡಿತು.

ಸತ್ತ ಅಂದುಕೊಂಡೆ. ಬೇರೆ ಏನೂ ಅಂದುಕೊಳ್ಳಲಿಲ್ಲ. ಗುಳಿಗೆ ಕುಪ್ಪಸದಲ್ಲಿತ್ತು, ಅದು ನೆನಪಾಗಲಿಲ್ಲ. ಡಾಕ್ಟರರ ನಂಬರು ಫೋನಿನಲ್ಲಿತ್ತು, ಅದೂ ನೆನಪಾಗಲಿಲ್ಲ. ಐವತ್ತು ದಾಟಿದ ಹೆಂಗಸು ನಾನು, ಅವ್ವನ ತೊಡೆಯ ಮೇಲಿನ ಐದು ವರ್ಷದ ಹುಡುಗಿಯಾಗಿಬಿಟ್ಟೆ. ಪೇಟಿಯ ಹಿಂದಿನಿಂದ ಎದ್ದು ನಿಂತು, ಗಂಟಲು ಹರಿಯುವಂತೆ ಕೂಗಿದೆ.

"ವನ್ಸ್ ಮೋರ್!"

ಪೇಟಿಯವರು ವನ್ಸ್ ಮೋರ್ ಕೂಗಿದ್ದು ಎಲ್ಲಿಯಾದರೂ ಉಂಟೇ? ಮಂದಿ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿತು. ಚಾಚಾ ಕರವಸ್ತ್ರ ತೆಗೆದು ಬಾಯಿ ಬಿಟ್ಟುಕೊಂಡು ಕೂತರು. ನಾನು ಮತ್ತೆ ಕೂಗಿದೆ, ಅವರ ಕಡೆ ಕೈ ಮಾಡಿ, "ಕೂಗ್ರಿ ಚಾಚಾ, ಕೂಗ್ರೀ!" ಅಂದೆ. ಆಗ ಅವರು ಎದ್ದರು. ಆ ಗಡಸು ದನಿ ಎದ್ದಿತು. ಬಾಯಿ ಹಿಡಿದಿಟ್ಟಿದ್ದ ಮಂದಿಯೆಲ್ಲ ಒಮ್ಮೆಲೇ ಒಡೆದು ಕೂಗಿದ್ದಕ್ಕೆ ಮಂಟಪದ ತಗಡು ನಡುಗಿತು.

ಅಪ್ಪನ ಕೈ ಅಲುಗಲಿಲ್ಲ. ಆ ಒಂದು ಕ್ಷಣವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಆಮೇಲೆ ಹೆಬ್ಬೆರಳು ಮಡಚಿತು. ಅಂಗೈ ನೆಲಕ್ಕೆ ಊರಿತು. ಅವನು ನಿಧಾನವಾಗಿ ಎದ್ದು ಕೂತು, ನಿಂತು, ಧೋತರ ಕೊಡವಿ, ಮೀಸೆ ಸರಿ ಮಾಡಿಕೊಂಡು ಕೈಮುಗಿದ. ನನ್ನ ಕಡೆ ತಿರುಗಿದ. ಕಣ್ಣಿನ ಕೊನೆಯಿಂದ ಕಿವಿಯ ತನಕ ಬಣ್ಣ ಕರಗಿ ಗೆರೆ ಬಿದ್ದಿತ್ತು.

"ಕರಿ ಎರಡು" ಅಂದ.

ಕೊಟ್ಟೆ. ಕಣ್ಣು ಮಂಜಾಗಿ ಪೇಟಿಯ ಮನೆಗಳು ಕಾಣಿಸುತ್ತಿರಲಿಲ್ಲ, ಬೆರಳೇ ಹುಡುಕಿಕೊಂಡವು. ಅವನು ಹಾಡಿದ, ಏರಿಸಿದ, ಹಿಡಿದ. ನಾನು ಹೆದರುತ್ತಲೇ ಬಾತಿ ಒತ್ತಿದೆ, ಅವನಿಗೆ ಉಸಿರು ಸಾಲದಿದ್ದರೆ ಪೇಟಿಯ ಉಸಿರಾದರೂ ಇರಲಿ ಅಂತ. ಇಳಿದು ಬಂದ, ಬಿದ್ದ. ಹೆಬ್ಬೆರಳು ಎಣಿಸುತ್ತಿತ್ತು.

ಪರದೆಯ ಹಿಂದೆ ಗುಳಿಗೆ ಇಟ್ಟು, ಉಗುರು ನೋಡುತ್ತ ಅವನ ಕಾಲ ಬಳಿ ಕೂತೆ.

"ಕೂಗಿದಾಕಿ ನೀನ ಹೌದಿಲ್ಲೋ?" ಅಂದ.

"ಹೂಂ. ಹೆಬ್ಬಟ್ಟು ನಿಂತಿತ್ತು."

ಅವನು ತನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿಕೊಂಡ. "ಯಾರೂ ಇನ್ನೊಮ್ಮೆ ಹಾಡಂತ ಕೇಳ್ಲಿಲ್ಲ. ಮುಗೀತಲ್ಲ ಅನಸ್ತು. ಇನ್ನ ಯಾರ ಸಲುವಾಗಿ ಎಣಸೂದಂತ ಬಿಟ್ಟೆ."

ನೀಲಿ ಉಗುರಿಗೆ ಹೆದರಿ ನಾನು ಮಾಡಿದ್ದು ಇದೇ. "ಅಪ್ಪಾ, ಬೈಬ್ಯಾಡ. ಮಂದಿಗೆ ಕೂಗಬ್ಯಾಡ್ರಿ ಅಂದಾಕಿ ನಾನ. ಚಾಚಾನ ಕಡೆ ಹೋಗಿ ಆಣಿ ಮಾಡಿಸ್ಕೊಂಡು ಬಂದಿದ್ದೆ" ಅಂದೆ. ಹೊಡೆಯುತ್ತಾನೆ ಅಂತಲೇ ತಲೆ ತಗ್ಗಿಸಿದೆ.

ಏಟು ಬೀಳಲಿಲ್ಲ. ತಲೆ ಎತ್ತಿ ನೋಡಿದರೆ, ಬಣ್ಣ ಹರಿದ ಅವನ ಮುಖ ನಗುವಿನಿಂದ ಅಗಲವಾಗಿತ್ತು.

"ಹಂಗಾರ ಹಾಡು ಕೆಟ್ಟಿದ್ದಿಲ್ಲ!" ಅಂದ. ಅದನ್ನೇ ಮತ್ತೆ ಎರಡು ಸಲ ಅಂದ, ಕೆಮ್ಮು ಬರುವಷ್ಟು ನಕ್ಕ. ನಾನು ಅವನ ಪಾದ ಹಿಡಿದುಕೊಂಡು ಅಳುತ್ತಿದ್ದೆ, ಅವನು ನನ್ನ ತಲೆಯ ಮೇಲೆ ತಾಳ ಹಾಕುತ್ತಿದ್ದ.

ಈಗ ಹಿರೇಕೆರೂರಿನವರು ತಮ್ಮೂರಲ್ಲಿ ಆಟ ಆಡಿರಿ ಅಂತ ಕೇಳಿದ್ದಾರೆ. ಚಿಕ್ಕೇರೂರಿನಿಂದ ಟೆಂಪೊ ಮಾಡಿಕೊಂಡು ಬರುತ್ತೇವೆ ಅಂತಲೂ ಹೇಳಿ ಕಳಿಸಿದ್ದಾರೆ. ಏರಿಸಿ ಹಿಡಿಯುವುದನ್ನು ಸ್ವಲ್ಪ ಕಡಿಮೆ ಮಾಡು ಅಂತ ಅಪ್ಪನ ಹತ್ತಿರ ಚೌಕಾಶಿ ನಡೆದಿದೆ. "ನೋಡೂಣು" ಅನ್ನುತ್ತಾನೆ, ಅಂದರೆ ಇಲ್ಲ ಅಂತ ಅರ್ಥ. ನಿದ್ದೆ ಬರುತ್ತಿಲ್ಲ. ಬೆಳಗ್ಗೆ ಚಹಾ ಕೊಡುವ ನೆಪದಲ್ಲಿ ಅವನ ಉಗುರು ನೋಡುತ್ತೇನೆ, ಅವನು ಬೇಕಂತಲೇ ಕೈ ಹಿಂದೆ ಮುಚ್ಚಿಟ್ಟುಕೊಂಡು ಕಾಡಿಸುತ್ತಾನೆ. ಹಿರೇಕೆರೂರಿನಲ್ಲಿಯೂ ಪೇಟಿಯ ಬಳಿ ಬಲ ಮೂಲೆಯಲ್ಲಿ ಕೂತು ಆ ಹೆಬ್ಬೆರಳನ್ನೇ ನೋಡುತ್ತಿರುತ್ತೇನೆ. ಮಂದಿ ಕೂಗಿದರೆ ಸರಿ. ಕೂಗದಿದ್ದರೆ ಹೆದರಿಕೊಂಡೇ ನಾನು ಕೂಗುತ್ತೇನೆ.